ಸದಾರಮೆಯ ಗಂಡುವೇಷ: ಗಡಿಯಿಂದ ಓದಿದ ಒಂದು ವಾಕ್ಚಿತ್ರ

ಕನ್ನಡ ವಾಕ್ಚಿತ್ರದ ಚರಿತ್ರೆಯನ್ನು ಬರೆಯುವವರೆಲ್ಲ 1934ರ ಮಾರ್ಚ್ 3ರಿಂದ ಹೊರಡುತ್ತಾರೆ. ಅಂದು ಬೆಂಗಳೂರಿನಲ್ಲಿ ‘ಸತಿ ಸುಲೋಚನ’ ತೆರೆಕಂಡಿತು. ವೈ. ವಿ. ರಾವ್ ಅವರ ನಿರ್ದೇಶನ, ಕೊಲ್ಹಾಪುರದ ಸ್ಟುಡಿಯೋ, ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ, ಸಾಹಿತ್ಯಕ್ಕೆ ಬೆಳ್ಳಾವೆ ನರಹರಿಶಾಸ್ತ್ರಿ: ಈ ವಿವರಗಳು ಶಾಲಾ ಮಕ್ಕಳ ರಸಪ್ರಶ್ನೆಗಳಿಗೂ ಬಂದಿವೆ. ಅಲ್ಲಿಂದ ಚರಿತ್ರಕಾರನ ಲೇಖನಿ ‘ಭಕ್ತ ಧ್ರುವ’ವನ್ನು ಮುಟ್ಟಿ, 1936ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ‘ಸಂಸಾರ ನೌಕೆ’ಗೆ ಬಂದು ನಿಲ್ಲುತ್ತದೆ. ಒಂದು ಪುರಾಣದ ಆರಂಭ, ಇನ್ನೊಂದು ಸಾಮಾಜಿಕದ ಆರಂಭ. ಈ ಎರಡು ಆರಂಭಗಳ ನಡುವೆ 1935ರ ‘ಸದಾರಮೆ’ಗೆ ಸಿಗುವುದು ಒಂದು ವಾಕ್ಯ: ಗುಬ್ಬಿ ಕಂಪನಿಯ ಜನಪ್ರಿಯ ನಾಟಕವೊಂದು ಚಲನಚಿತ್ರವಾಯಿತು, ಗುಬ್ಬಿ ವೀರಣ್ಣನವರು ನಟಿಸಿದರು.

ಆ ಒಂದು ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಆ ಚಿತ್ರವನ್ನು ನೋಡಿ ವಿಮರ್ಶಿಸುವ ಸ್ಥಿತಿಯಲ್ಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲ, ಆ ದಶಕದ ಕನ್ನಡ ಚಿತ್ರಗಳು ನಮಗೆ ಹೆಸರು, ಪಾತ್ರವರ್ಗ, ಜಾಹೀರಾತುಗಳ ಮೂಲಕ ಮಾತ್ರ ಪರಿಚಿತ. ಆದುದರಿಂದ ಇಲ್ಲಿ ಬಿಂಬಗಳ ವಿಶ್ಲೇಷಣೆಯಿಲ್ಲ. ಇರುವುದು ಒಂದು ಪ್ರಶ್ನೆ. ನಾಯಕಿಯೊಬ್ಬಳು ಗಂಡಿನ ವೇಷ ತೊಡುವ ಹಾಸ್ಯಪ್ರಧಾನ ಸಂಗೀತನಾಟಕವೊಂದು ರಂಗದಿಂದ ತೆರೆಗೆ ದಾಟಿದಾಗ ಆ ವೇಷಕ್ಕೆ ಏನಾಗುತ್ತದೆ? ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ಕುಳಿತು ಕೊಡುವ ಉತ್ತರಕ್ಕೂ ಕಾಸರಗೋಡಿನಲ್ಲಿ ಕುಳಿತು ಕೊಡುವ ಉತ್ತರಕ್ಕೂ ವ್ಯತ್ಯಾಸವಿದೆ ಎಂದು ನನ್ನ ನಂಬಿಕೆ.

ಕಥೆಯ ಹಂದರ ಹೆಚ್ಚಿನವರಿಗೆ ತಿಳಿದದ್ದೇ. ರಾಜಕುಮಾರನೊಬ್ಬ ವರ್ತಕನ ಮಗಳು ಸದಾರಮೆಯನ್ನು ಪ್ರೀತಿಸುತ್ತಾನೆ. ಜಿಪುಣ ವರ್ತಕ ಮಗಳನ್ನು ಕೊಡಬೇಕಾದರೆ ರಾಜ್ಯವನ್ನೇ ಶುಲ್ಕವಾಗಿ ಕೇಳುತ್ತಾನೆ. ರಾಜ್ಯ ಕೈಬಿಡುತ್ತದೆ, ದಂಪತಿಗಳು ದೇಶಾಂತರ ಹೊರಡುತ್ತಾರೆ, ಬೇರ್ಪಡುತ್ತಾರೆ. ಸದಾರಮೆ ಕಾಮುಕರ ಕೈಗೂ ಕಳ್ಳನೊಬ್ಬನ ಕೈಗೂ ಸಿಕ್ಕಿ, ಬುದ್ಧಿಯಿಂದ ತಪ್ಪಿಸಿಕೊಂಡು, ಗಂಡುವೇಷ ಧರಿಸಿ, ಕೊನೆಗೆ ಪತಿಯನ್ನು ಸೇರುತ್ತಾಳೆ. ಇದನ್ನು ಅದ್ಭುತರಮ್ಯ ಕಥೆಯೆಂದು ಬದಿಗಿಡುವುದು ಸುಲಭ. ಆದರೆ ರಾಜಕುಮಾರನ ವನವಾಸವನ್ನು ಮತ್ತೊಮ್ಮೆ ನೋಡಿ. ತಂದೆಯ ವಚನಕ್ಕಾಗಿ ರಾಜ್ಯ ಬಿಟ್ಟವನ ಕಥೆ ನಮ್ಮಲ್ಲಿ ಪವಿತ್ರ. ಇಲ್ಲಿ ಒಬ್ಬ ಲೋಭಿ ಮಾವನ ಲೆಕ್ಕದ ಪುಸ್ತಕಕ್ಕಾಗಿ ರಾಜ್ಯ ಹೋಗುತ್ತದೆ. ಸಿಂಹಾಸನದ ಮೇಲೆ ಪಾದುಕೆಯಿರಬೇಕಾದ ಜಾಗದಲ್ಲಿ ವ್ಯಾಪಾರಿಯ ಕುಟುಂಬ. ರಾಮಾಯಣದ ಅಯೋಧ್ಯಾಕಾಂಡವನ್ನು ನಗೆಯ ಕನ್ನಡಿಯಲ್ಲಿ ನೋಡಿದಂತಿದೆ. ಅದನ್ನು ನೋಡಿ ನಕ್ಕ ಪ್ರೇಕ್ಷಕ ರಾಮಾಯಣವನ್ನು ಅವಮಾನಿಸಿದನೆಂದು ಯಾರೂ ಭಾವಿಸಲಿಲ್ಲ. ಅದೂ ಆ ಕಾಲದ ಒಂದು ಆರೋಗ್ಯ.

‘ಸತಿ ಸುಲೋಚನ’ವೂ ರಾಮಾಯಣದ್ದೇ ಕಥೆ. ಹತವಾದ ಇಂದ್ರಜಿತುವಿನ ಪತ್ನಿ ಚಿತೆಯೇರುತ್ತಾಳೆ. ಒಂದೇ ವರ್ಷದ ಅಂತರದಲ್ಲಿ ಕನ್ನಡದ ತೆರೆಯ ಮೇಲೆ ಇಬ್ಬರು ನಾಯಕಿಯರು ಬಂದರು: ಒಬ್ಬಳು ಗಂಡನಿಗಾಗಿ ಬೆಂಕಿಯನ್ನು ಹೊಕ್ಕಳು, ಇನ್ನೊಬ್ಬಳು ಗಂಡನನ್ನು ಹುಡುಕಲು ಗಂಡಿನ ಉಡುಪನ್ನು ಹೊಕ್ಕಳು. ನಾವು ಮೊದಲನೆಯವಳನ್ನು ಆದಿ ಎಂದು ಕರೆದೆವು. ಕಾಲಕ್ರಮದಲ್ಲಿ ಅದು ಸರಿಯೇ. ಆದರೆ ಆದಿ ಎಂಬುದು ದಿನಾಂಕದ ಮಾತಷ್ಟೇ ಆಗಿದ್ದರೆ ಎರಡನೆಯವಳು ಇಷ್ಟು ಬೇಗ ಅಡಿಟಿಪ್ಪಣಿಗೆ ಇಳಿಯುತ್ತಿರಲಿಲ್ಲ. ಗಂಭೀರವಾದುದು ಚರಿತ್ರೆ, ನಗಿಸುವುದು ಮನರಂಜನೆ ಎಂಬ ವಿಂಗಡಣೆ ನಮ್ಮ ಸಾಹಿತ್ಯ ಚರಿತ್ರೆಗಳಿಂದ ಚಿತ್ರ ಚರಿತ್ರೆಗೆ ಬಳುವಳಿಯಾಗಿ ಬಂದಿದೆ.

ಇನ್ನು ಈ ಸದಾರಮೆ ಯಾರವಳು? ಗುಬ್ಬಿ ಕಂಪನಿಯ ಕನ್ನಡ ಪಠ್ಯ ಬೆಳ್ಳಾವೆ ನರಹರಿಶಾಸ್ತ್ರಿಗಳ ಹೆಸರಿನೊಂದಿಗೆ ಪ್ರಸಿದ್ಧವಾಗಿದೆ. ಮಲಯಾಳದಲ್ಲಿ ‘ಸದಾರಾಮ’ ಕೊಲ್ಲದ ಸಮೀಪದ ಪರವೂರಿನ ಕೆ. ಸಿ. ಕೇಶವಪಿಳ್ಳೆಯವರ ಕೃತಿ, ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬಂದ ಈ ಸಂಗೀತನಾಟಕ ತಿರುವಾಂಕೂರಿನ ರಂಗವನ್ನು ದಶಕಗಳ ಕಾಲ ಆಳಿತು. ‘ಕೇಶವೀಯ’ ಮಹಾಕಾವ್ಯವನ್ನು ಬರೆದ ಪಂಡಿತಕವಿಯ ಹೆಸರು ಜನಸಾಮಾನ್ಯರ ಬಾಯಲ್ಲಿ ಉಳಿದದ್ದು ಈ ನಾಟಕದಿಂದ ಎಂಬುದು ಮಲಯಾಳ ವಿಮರ್ಶಕರನ್ನು ಇಂದಿಗೂ ಸ್ವಲ್ಪ ಮುಜುಗರಕ್ಕೆ ಈಡುಮಾಡುತ್ತದೆ. ತಮಿಳಿನ ಕಂಪನಿ ರಂಗಭೂಮಿಯಲ್ಲೂ ಸದಾರಮೆ ಇದ್ದಳು. ಮಲಯಾಳದ ಸಂಗೀತನಾಟಕವಂತೂ ತಮಿಳು ಕಂಪನಿಗಳ ಪ್ರಭಾವದಿಂದ ರೂಪುಗೊಂಡದ್ದೆಂದು ಎಲ್ಲರೂ ಒಪ್ಪುತ್ತಾರೆ. ಮೂಲ ಯಾವುದು, ಋಣ ಯಾರದು ಎಂಬ ವಿಚಾರಣೆಯಲ್ಲಿ ನನಗೆ ಹೆಚ್ಚಿನ ಆಸಕ್ತಿಯಿಲ್ಲ. ಸಂಚಾರಿ ಕಂಪನಿಗಳ ಲೋಕದಲ್ಲಿ ಕಥೆಯೂ ಮಟ್ಟೂ ಪರದೆಯೂ ನಟನೂ ರೈಲಿನಲ್ಲಿ ಕೂಡಿ ಪ್ರಯಾಣ ಮಾಡುತ್ತಿದ್ದವು. ಸುಂಕದ ಕಟ್ಟೆ ಇರಲಿಲ್ಲ.

ಚಲನಚಿತ್ರದಲ್ಲೂ ಅದೇ ಮುಂದುವರಿಯಿತು. ಕನ್ನಡ ‘ಸದಾರಮೆ’ಯನ್ನು ನಿರ್ದೇಶಿಸಿದ ರಾಜಾ ಚಂದ್ರಶೇಖರ್ ತಮಿಳು ಚಿತ್ರರಂಗದಲ್ಲಿ ಹೆಸರು ಮಾಡಿದವರು, 1941ರ ‘ಅಶೋಕ್ ಕುಮಾರ್’ ಅವರದೇ. ಅದೇ 1935ರಲ್ಲಿ ಕೆ. ಸುಬ್ರಹ್ಮಣ್ಯಂ ತಮಿಳಿನಲ್ಲಿ ‘ನವೀನ ಸದಾರಮೆ’ಯನ್ನು ತೆಗೆದರು, ಎಸ್. ಡಿ. ಸುಬ್ಬುಲಕ್ಷ್ಮಿ ನಾಯಕಿಯಾಗಿ. ಕನ್ನಡದಲ್ಲಿ ಸದಾರಮೆಯಾದ ಕೆ. ಅಶ್ವತ್ಥಮ್ಮ ಎರಡು ವರ್ಷಗಳ ಬಳಿಕ ತಮಿಳಿನ ‘ಚಿಂತಾಮಣಿ’ಯಲ್ಲಿ ಎಂ. ಕೆ. ತ್ಯಾಗರಾಜ ಭಾಗವತರೊಂದಿಗೆ ನಟಿಸಿದರು. ಆ ಚಿತ್ರ ಒಂದು ವರ್ಷಕ್ಕೂ ಮೀರಿ ಓಡಿತು. ಅದರ ನಿರ್ದೇಶಕ ಯಾರೆಂದರೆ ‘ಸತಿ ಸುಲೋಚನ’ದ ಅದೇ ವೈ. ವಿ. ರಾವ್. ಹೀಗೆ ಒಂದು ಹೆಸರಿನ ಎಳೆ ಹಿಡಿದು ಎಳೆದರೆ ಮೂರು ಭಾಷೆಗಳ ಬಟ್ಟೆ ಒಟ್ಟಿಗೆ ಸುಕ್ಕಾಗುತ್ತದೆ. ಇವರನ್ನು ಕನ್ನಡ ಚಿತ್ರರಂಗದವರು, ತಮಿಳು ಚಿತ್ರರಂಗದವರು ಎಂದು ವಿಂಗಡಿಸುವ ಕಪಾಟು ನಾವು 1956ರ ನಂತರ ಮಾಡಿಸಿದ್ದು.

1935ರಲ್ಲಿ ಕಾಸರಗೋಡು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಲಯಾಳದಲ್ಲಿ ಇನ್ನೂ ಒಂದೂ ವಾಕ್ಚಿತ್ರ ಇರಲಿಲ್ಲ; ‘ಬಾಲನ್’ ಬಂದದ್ದು 1938ರಲ್ಲಿ, ಅದೂ ತಮಿಳುನಾಡಿನ ಸೇಲಂನ ಮಾಡರ್ನ್ ಥಿಯೇಟರ್ಸ್‌ನಿಂದ. ಅಂದರೆ ಸದಾರಮೆ ರಂಗದ ಮೇಲೆ ಮಲಯಾಳ ಮಾತನಾಡಿ ಮೂರು ದಶಕಗಳಾಗಿದ್ದರೂ ತೆರೆಯ ಮೇಲೆ ಮೊದಲು ಮಾತನಾಡಿದ್ದು ಕನ್ನಡವನ್ನು ಮತ್ತು ತಮಿಳನ್ನು. ಇದನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರ ಮುಖ ಅರಳುವುದು ನನಗೆ ಗೊತ್ತು. ಗಡಿನಾಡಿನ ಕನ್ನಡ ಸಂಶೋಧನೆ ಬಹಳ ಕಾಲದಿಂದ ಒಂದು ಬಗೆಯ ಪಟ್ಟಿಯ ಸಂಶೋಧನೆಯಾಗಿದೆ. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕನ್ನಡದ ಶಾಸನಗಳು ಎಷ್ಟು, ಶಾಲೆಗಳು ಎಷ್ಟು, ಯಾವುದು ನಮ್ಮಲ್ಲಿ ಮೊದಲು: ಮಹಾಜನ ಆಯೋಗದ ಮುಂದೆ ಇಡಬೇಕಾಗಿದ್ದ ಸಾಕ್ಷ್ಯಗಳ ಭಾಷೆ ಇದು. ಆಯೋಗದ ವರದಿ 1967ರಲ್ಲಿ ನಮ್ಮ ಪರವಾಗಿ ಬಂದು, ಜಾರಿಯಾಗದೆ ಉಳಿದು, ಅರ್ಧ ಶತಮಾನ ಕಳೆದ ಮೇಲೂ ನಮ್ಮ ಪ್ರಬಂಧಗಳು ಅದೇ ಸಾಕ್ಷಿಕಟ್ಟೆಯಲ್ಲಿ ನಿಂತು ಮಾತನಾಡುತ್ತಿವೆ. ಅಂಥ ಸಾಕ್ಷ್ಯದ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಶಾಲೆಯಲ್ಲಿ ಕನ್ನಡ ತಿಳಿಯದ ಅಧ್ಯಾಪಕ ಕನ್ನಡ ಮಕ್ಕಳ ಮುಂದೆ ನಿಂತಾಗ ಅಂಕಿ ಅಂಶವೇ ಬೇಕಾಗುತ್ತದೆ. ಆದರೆ ಸದಾರಮೆಯಂಥ ಕೃತಿಯನ್ನು ಆ ಕಟ್ಟೆಗೆ ಹತ್ತಿಸಿದರೆ ಅವಳು ಇಬ್ಬರಿಗೂ ಪ್ರತಿಕೂಲ ಸಾಕ್ಷಿಯಾಗುತ್ತಾಳೆ.

ಆದ್ದರಿಂದ ಈ ನೆಲದ ರಂಗಾನುಭವವನ್ನು ಹಕ್ಕುಸ್ಥಾಪನೆಗೆ ಬಳಸುವ ಬದಲು ಓದಿನ ಉಪಕರಣವಾಗಿ ಬಳಸಿ ನೋಡೋಣ. ಇಲ್ಲಿಯ ಪ್ರೇಕ್ಷಕನಿಗೆ ವೇಷವೆಂದರೆ ಏನು?

ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ‘ಪಂಚವಟಿ’ ಪ್ರಸಂಗವನ್ನೇ ತೆಗೆದುಕೊಳ್ಳಿ. ಶೂರ್ಪನಖಿ ರಾಮನನ್ನು ಮೋಹಿಸಿ ಸುಂದರಿಯಾಗಿ ಬರುತ್ತಾಳೆ. ತೆಂಕುತಿಟ್ಟಿನ ರಂಗದಲ್ಲಿ ಮಾಯಾ ಶೂರ್ಪನಖಿ ಸ್ತ್ರೀವೇಷಧಾರಿಯ ಪಾತ್ರ. ಘೋರ ಶೂರ್ಪನಖಿ ಬಣ್ಣದ ವೇಷದವನ ಪಾತ್ರ. ಒಬ್ಬಳೇ ರಾಕ್ಷಸಿ, ಇಬ್ಬರು ಕಲಾವಿದರು. ಭಸ್ಮಾಸುರನ ಮುಂದೆ ವಿಷ್ಣು ಮೋಹಿನಿಯಾಗುವಾಗಲೂ ವಿಷ್ಣುವಿನ ವೇಷಧಾರಿ ಒಳಗೆ ಸರಿಯುತ್ತಾನೆ, ಸ್ತ್ರೀವೇಷದವನು ಹೊರಬರುತ್ತಾನೆ. ಯಕ್ಷಗಾನದಲ್ಲಿ ರೂಪಾಂತರ ಪೂರ್ಣ. ಹಿಂದಿನ ದೇಹದ ಗುರುತು ಹೊಸ ದೇಹದಲ್ಲಿ ಉಳಿಯುವುದಿಲ್ಲ, ಏಕೆಂದರೆ ದೇಹವೇ ಬೇರೆ. ಮೋಹಿನಿಯ ಕಿರೀಟದಡಿಯಲ್ಲಿ ವಿಷ್ಣುವನ್ನು ಹುಡುಕುವ ಪ್ರೇಕ್ಷಕನಿಲ್ಲ. ಮೋಹಿನಿಯನ್ನು ಆಡುವವನು ಗಂಡಸು ಎಂಬುದು ಅವನಿಗೆ ಗೊತ್ತಿದೆ, ಆದರೆ ಆ ತಿಳಿವು ಆಟದ ಒಳಗೆ ಎಲ್ಲಿಯೂ ಕೆಲಸ ಮಾಡುವುದಿಲ್ಲ. ಕೋಳ್ಯೂರು ರಾಮಚಂದ್ರರಾಯರ ಸ್ತ್ರೀವೇಷಗಳನ್ನು ನೋಡಿದವರು ಅವರ ದಾಕ್ಷಾಯಿಣಿಯ ದುಃಖವನ್ನೋ ದ್ರೌಪದಿಯ ಸಿಟ್ಟನ್ನೋ ನೆನೆಯುತ್ತಾರೆ. ಗಂಡಸೊಬ್ಬ ಹೆಣ್ಣಾದ ಚಮತ್ಕಾರವನ್ನು ನೆನೆದು ನಗುವುದಿಲ್ಲ.

ಕಂಪನಿ ನಾಟಕದ ವೇಷಾಂತರದ ತರ್ಕ ಇದಕ್ಕೆ ನೇರ ವಿರುದ್ಧವಾದದ್ದು. ಸದಾರಮೆ ಗಂಡುವೇಷ ಹಾಕಿಕೊಂಡು ಬಂದಾಗ ಪಾತ್ರಧಾರಿ ಬದಲಾಗುವುದಿಲ್ಲ. ಅದೇ ದೇಹ, ಅದೇ ಕಂಠ, ಉಡುಪು ಮಾತ್ರ ಬೇರೆ. ರಂಗದ ಮೇಲಿರುವವರಿಗೆ ಗುರುತು ಸಿಗುವುದಿಲ್ಲ, ಸಭೆಗೆ ಸಿಗುತ್ತದೆ. ಹಾಸ್ಯ ಹುಟ್ಟುವುದು ಈ ಗುರುತಿನ ಅಸಮಾನ ಹಂಚಿಕೆಯಿಂದ. ಮಾಯಾ ಶೂರ್ಪನಖಿಯ ಪ್ರವೇಶ ವಿಸ್ಮಯವನ್ನು ಕೊಟ್ಟರೆ ಗಂಡುವೇಷದ ಸದಾರಮೆಯ ಪ್ರವೇಶ ಪಾಲುದಾರಿಕೆಯನ್ನು ಕೊಡುತ್ತದೆ. ಸಭೆ ಅವಳ ಗುಟ್ಟಿನಲ್ಲಿ ಶಾಮೀಲಾಗುತ್ತದೆ.

ಇಲ್ಲಿ ಮಲಯಾಳ ರಂಗ ಒಂದು ತಿರುವನ್ನು ಸೇರಿಸುತ್ತದೆ. ಅಲ್ಲಿಯ ಸಂಗೀತನಾಟಕಗಳಲ್ಲಿ ನಾಯಕಿಯ ಪಾತ್ರವನ್ನು ಬಹುಕಾಲ ಗಂಡಸರೇ ವಹಿಸಿದರು. ಕುಮಾರನಾಶಾನರ ‘ಕರುಣ’ ರಂಗಕ್ಕೆ ಬಂದಾಗ ವಾಸವದತ್ತೆಯಾಗಿ ಮೆರೆದ ಓಚ್ಚಿರ ವೇಲುಕ್ಕುಟ್ಟಿಯ ಖ್ಯಾತಿ ಇದಕ್ಕೆ ಸಾಕ್ಷಿ. ಅಂಥ ರಂಗದ ಮೇಲೆ ಸದಾರಮೆ ಗಂಡುವೇಷ ತೊಟ್ಟಳೆಂದರೆ ಏನಾಯಿತು? ಹೆಣ್ಣಿನ ವೇಷದಲ್ಲಿರುವ ಗಂಡಸು ಗಂಡಿನ ವೇಷ ಹಾಕಿಕೊಂಡ. ಒಂದು ಸುತ್ತು ಪೂರ್ತಿಯಾಗಿ ಅವನು ತನ್ನ ಮೂಲ ರೂಪಕ್ಕೇ ಮರಳಿದ. ಆದರೂ ಸಭೆ ಅವನಲ್ಲಿ ಒಬ್ಬ ಹೆಣ್ಣನ್ನೇ ನೋಡಬೇಕು. ಶೇಕ್ಸ್‌ಪಿಯರನ ಬಾಲನಟರು ರೋಸಲಿಂಡಳಾಗಿ ಗಂಡುಡುಪು ತೊಟ್ಟಾಗಿನ ಸ್ಥಿತಿ ಇದೇ, ಮತ್ತು ಆ ಕುರಿತು ಇಂಗ್ಲಿಷಿನಲ್ಲಿ ಕಪಾಟುಗಟ್ಟಲೆ ವಿಮರ್ಶೆಯಿದೆ. ನಮ್ಮ ಸದಾರಮೆಯ ಕುರಿತು ಆ ದಿಕ್ಕಿನ ಬರಹ ತೀರ ಕಡಿಮೆ. ನಾವು ಆ ನಾಟಕವನ್ನು ಪ್ರೀತಿಸುತ್ತೇವೆ, ಓದುವುದಿಲ್ಲ.

ಗುಬ್ಬಿ ಕಂಪನಿಯ ಸಂದರ್ಭ ಬೇರೆ. ಸ್ತ್ರೀಪಾತ್ರಗಳಿಗೆ ನಟಿಯರನ್ನು ತಂದು, ಅವರಿಗೆ ಕಂಪನಿಯಲ್ಲಿ ಸ್ಥಾನಮಾನ ಒದಗಿಸಿದ್ದು ವೀರಣ್ಣನವರ ದೊಡ್ಡ ಸಾಹಸ. ನಟಿಯೇ ಸದಾರಮೆಯಾದಾಗ ವೇಷದ ಒಂದು ಪದರ ಕಳಚಿಹೋಗುತ್ತದೆ. ಈಗ ಗಂಡುವೇಷದಲ್ಲಿ ನಿಜವಾಗಿಯೂ ಒಬ್ಬ ಹೆಂಗಸಿದ್ದಾಳೆ. ಪದರ ಕಡಿಮೆಯಾದದ್ದರಿಂದ ಆಟ ಸರಳವಾಯಿತೆಂದು ತೋರಬಹುದು. ನನ್ನ ದೃಷ್ಟಿಯಲ್ಲಿ ಅದು ಹೆಚ್ಚು ಅಪಾಯಕಾರಿಯಾಯಿತು. ಗಂಡಸು ಹೆಣ್ಣಾಗಿ ಗಂಡಾಗುವುದು ಸಂಪ್ರದಾಯದ ರಕ್ಷಣೆಯೊಳಗಿನ ಚಮತ್ಕಾರ. ಮರ್ಯಾದೆಯ ಪ್ರಶ್ನೆಯನ್ನು ದಿನವೂ ಎದುರಿಸುತ್ತಿದ್ದ ಆ ಕಾಲದ ನಟಿಯೊಬ್ಬಳು ರುಮಾಲು ಸುತ್ತಿ, ಗಂಡಸಿನಂತೆ ನಡೆದು, ಗಂಡಸರನ್ನು ಮೂರ್ಖರನ್ನಾಗಿಸುವುದು ಹಾಗಲ್ಲ. ಅಲ್ಲಿ ಪಾತ್ರದ ಸ್ವಾತಂತ್ರ್ಯಕ್ಕೆ ನಟಿಯ ಸ್ವಾತಂತ್ರ್ಯದ ನೆರಳು ಬೀಳುತ್ತದೆ.

ಕ್ಯಾಮೆರಾ ಈ ಅಪಾಯವನ್ನು ಹತ್ತಿರ ತಂದಿತು. ರಂಗದ ದೂರದಲ್ಲಿ ರುಮಾಲು, ಮೀಸೆ, ನಡಿಗೆ ಇವು ಸಾಕು; ತೆರೆಯ ಮೇಲೆ ಮುಖ ದೊಡ್ಡದಾಗುತ್ತದೆ, ಮೀಸೆಯ ಅಂಟು ಕೂಡ ಕಾಣುತ್ತದೆ. ವೇಷವನ್ನು ನಂಬಿಸುವುದು ಹೇಗೆಂಬ ತೊಡಕು ವಾಕ್ಚಿತ್ರದ ಮೊದಲ ವರ್ಷಗಳಲ್ಲಿ ನಮ್ಮದು ಮಾತ್ರ ಆಗಿರಲಿಲ್ಲ. 1933ರ ಡಿಸೆಂಬರಿನಲ್ಲಿ ಜರ್ಮನಿಯ ಊಫಾ ಸಂಸ್ಥೆ ರೈನ್‌ಹೋಲ್ಟ್ ಶ್ಯುನ್‌ಸೆಲ್ ನಿರ್ದೇಶನದ ‘ವಿಕ್ಟರ್ ಉಂಟ್ ವಿಕ್ಟೋರಿಯಾ’ ಎಂಬ ಸಂಗೀತಹಾಸ್ಯವನ್ನು ಬಿಡುಗಡೆ ಮಾಡಿತು. ಸ್ತ್ರೀವೇಷ ಹಾಕಿ ಹೊಟ್ಟೆ ಹೊರೆಯುವ ಬಡ ನಟನಿಗೆ ಗಂಟಲು ಕೆಟ್ಟಾಗ ಅವನ ಬದಲು ಒಬ್ಬ ತರುಣಿ ರಂಗಕ್ಕೆ ಹೋಗುತ್ತಾಳೆ. ಹೆಣ್ಣಾದ ಅವಳು ಹೆಣ್ಣಿನ ವೇಷ ಹಾಕುವ ಗಂಡಸೆಂದು ಲೋಕವನ್ನು ನಂಬಿಸಬೇಕು. ರೆನಾಟೆ ಮ್ಯುಲರ್ ಆ ಪಾತ್ರವನ್ನು ವಹಿಸಿದ್ದಾರೆ. ಗಮನಿಸಬೇಕಾದದ್ದು ಆ ಚಿತ್ರದ ಮಾತಿನ ಕ್ರಮ: ಹಲವು ಕಡೆ ಪಾತ್ರಗಳು ಪ್ರಾಸಬದ್ಧವಾಗಿ, ವಾದ್ಯದ ಲಯಕ್ಕೆ ಮಾತನಾಡುತ್ತವೆ, ಮಾತು ಯಾವಾಗ ಹಾಡಾಯಿತೆಂದು ಹೇಳುವುದು ಕಷ್ಟ. ನಮ್ಮ ಕಂಪನಿ ನಾಟಕದ ಕಿವಿಯಿರುವವರಿಗೆ ಇದು ಹೊಸತಲ್ಲ. ಶರೀರವನ್ನು ನಂಬಿಸಲು ಕ್ಯಾಮೆರಾಕ್ಕೆ ಆಗದೆ ಹೋದಾಗ ಸಂಗೀತ ಇಡೀ ಲೋಕವನ್ನೇ ಸ್ವಲ್ಪ ಕೃತಕವಾಗಿಸಿಬಿಡುತ್ತದೆ. ಲೋಕವೇ ಹಾಡುತ್ತಿರುವಾಗ ಮೀಸೆಯ ಅಂಟನ್ನು ಯಾರು ಕೇಳುತ್ತಾರೆ?

ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷದಲ್ಲಿ, ಯಾರು ಯಾರೆಂಬುದನ್ನು ರಕ್ತದ ಲೆಕ್ಕದಲ್ಲಿ ಗೊತ್ತುಮಾಡತೊಡಗಿದ ದೇಶದಲ್ಲಿ, ಗುರುತುಗಳನ್ನು ಅದಲುಬದಲು ಮಾಡಿ ನಗುವ ಈ ಚಿತ್ರ ಬಂತು. ಯಹೂದಿ ಮೂಲದ ತಾಯಿಯ ಮಗನಾಗಿದ್ದ ಶ್ಯುನ್‌ಸೆಲ್ ಕೆಲವು ವರ್ಷಗಳಲ್ಲಿ ದೇಶ ಬಿಟ್ಟ. ಇನ್ನೊಂದು ಸಂಗತಿ: ಊಫಾ ಅದೇ ಹೊತ್ತಿಗೆ ಆ ಚಿತ್ರದ ಫ್ರೆಂಚ್ ರೂಪವನ್ನೂ ತೆಗೆಯಿತು. ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ, ಬೇರೆ ನಟರಿಂದ ಆಡಿಸುವುದು ಅಲ್ಲಿ ಕಾರ್ಖಾನೆಯ ಯೋಜನೆ. ಒಂದೇ ವರ್ಷ ಕನ್ನಡದಲ್ಲೊಂದು, ತಮಿಳಿನಲ್ಲೊಂದು ಸದಾರಮೆ ಬಂದದ್ದು ನಮ್ಮಲ್ಲಿ ಯಾರ ಯೋಜನೆಯೂ ಅಲ್ಲ. ಕಥೆಗೆ ಎರಡು ಮನೆಗಳಿದ್ದವು, ಅಷ್ಟೇ.

ಸಂಗೀತದ ಮಾತಿಗೆ ಬಂದಾಗ ತಾಂತ್ರಿಕ ಸಂಗತಿಯೊಂದನ್ನು ನೆನೆಯಬೇಕು. ಹಿನ್ನೆಲೆ ಗಾಯನ ಭಾರತೀಯ ಚಿತ್ರಗಳಲ್ಲಿ ಮೊದಲು ಬಂದದ್ದು 1935ರಲ್ಲೇ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ. ದಕ್ಷಿಣದಲ್ಲಿ ಆಗ ನಟರೇ ಕ್ಯಾಮೆರಾದ ಮುಂದೆ ಹಾಡಬೇಕಿತ್ತು. ಹಾಡಬಲ್ಲ ನಟನಟಿಯರು ಇದ್ದದ್ದು ಕಂಪನಿಗಳಲ್ಲಿ. ನಾಟಕವನ್ನು ಚಿತ್ರವಾಗಿಸಿದ್ದು ಕಲ್ಪನೆಯ ಬಡತನದಿಂದ ಎಂದು ಮೂಗು ಮುರಿಯುವವರು ಇದನ್ನು ಮರೆಯುತ್ತಾರೆ. ಕಂಠವನ್ನು ಕೊಳ್ಳಬೇಕಾದರೆ ನಾಟಕವನ್ನು ಕೊಳ್ಳಬೇಕಿತ್ತು.

ಹಾಗೆ ಕೊಂಡುಕೊಂಡಾಗ ಕಳೆದುಹೋದದ್ದೇನು? ಈ ಪ್ರಶ್ನೆಗೆ ಉತ್ತರ ಸದಾರಮೆಗಿಂತ ಕಳ್ಳನಲ್ಲಿದೆ. ನಾಟಕದಲ್ಲಿ ವೀರಣ್ಣನವರು ಎರಡು ಪಾತ್ರಗಳನ್ನು ವಹಿಸುತ್ತಿದ್ದರು: ಸದಾರಮೆಯ ಅಣ್ಣನಾದ ಪೆದ್ದ ಆದಿಮೂರ್ತಿ, ಮತ್ತು ಕಳ್ಳ. ಪ್ರೇಕ್ಷಕರು ಬರುತ್ತಿದ್ದುದೇ ಈ ಇಬ್ಬರಿಗಾಗಿ. ಒಬ್ಬನೇ ನಟ ಇಬ್ಬರಾಗುವುದು ಕಂಪನಿಯ ಉಳಿತಾಯವಿರಬಹುದು, ನಟನ ಪ್ರದರ್ಶನಪ್ರಿಯತೆಯೂ ಇರಬಹುದು. ಆದರೆ ಅದರಿಂದ ಹುಟ್ಟುವ ಅರ್ಥವನ್ನು ತಡೆಯಲಾಗುವುದಿಲ್ಲ. ಮನೆಯಲ್ಲಿ ಹೆಣ್ಣನ್ನು ಬೆಲೆಗೆ ಕೊಡುವ ಕುಟುಂಬದ ಮಗನೂ ಕಾಡಿನಲ್ಲಿ ಹೆಣ್ಣನ್ನು ಹೊತ್ತೊಯ್ಯುವ ಕಳ್ಳನೂ ಒಂದೇ ಮುಖದವರು. ವರ್ತಕನ ಅಂಗಡಿಗೂ ಕಳ್ಳನ ಗವಿಗೂ ನಡುವೆ ಇರುವುದು ಒಂದು ಬಣ್ಣದ ಕೋಣೆ ಮಾತ್ರ. ಯಕ್ಷಗಾನ ಒಂದು ಪಾತ್ರವನ್ನು ಇಬ್ಬರಿಗೆ ಹಂಚಿದರೆ, ಕಂಪನಿ ನಾಟಕ ಎರಡು ಪಾತ್ರಗಳನ್ನು ಒಬ್ಬನಲ್ಲಿ ಕೂಡಿಸಿತು. ಮೊದಲನೆಯದು ರಾಕ್ಷಸಿಯಲ್ಲಿ ಎರಡು ಸತ್ಯಗಳನ್ನು ಕಂಡಿತು, ಎರಡನೆಯದು ಇಬ್ಬರು ಗಂಡಸರಲ್ಲಿ ಒಂದು ಸುಳ್ಳನ್ನು ಕಂಡಿತು.

ಹಾಸ್ಯಗಾರನ ಪಾತ್ರ ಪುಸ್ತಕದಲ್ಲಿ ಮುಗಿಯುವಂಥದ್ದಲ್ಲ. ಊರಿಗೊಂದು ಮಾತು, ಸಭೆಗೊಂದು ಕೊಂಕು; ಮೆಚ್ಚಿದ ಹಾಡಿಗೆ ಸಭೆಯಿಂದ ‘ವನ್ಸ್ ಮೋರ್’ ಕೂಗು, ಅದಕ್ಕೆ ಸತ್ತವನೂ ಎದ್ದು ಹಾಡುವ ವಿನಯ. ಒಂದೇ ಪ್ರಸಂಗಕ್ಕೆ ರಾತ್ರಿಗೊಂದು ಅರ್ಥ ಹುಟ್ಟುವ ತಾಳಮದ್ದಳೆಯ ನೆಲದವರಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಶೇಣಿಯವರ ರಾವಣ ನಿನ್ನೆ ಕೊಟ್ಟ ಸಮರ್ಥನೆಯನ್ನೇ ಇಂದು ಕೊಟ್ಟರೆ ಎದುರಿನ ಅರ್ಥಧಾರಿಗೂ ಬೇಸರ. ವಾಕ್ಚಿತ್ರ ಆಶುಮಾತನ್ನು ಒಮ್ಮೆ ಕೇಳಿ ಶಾಶ್ವತವಾಗಿ ಕಟ್ಟಿಹಾಕಿತು. ತೆರೆಯ ಕಳ್ಳನಿಗೆ ‘ವನ್ಸ್ ಮೋರ್’ ಕೇಳಿಸುವುದಿಲ್ಲ. ವಿಚಿತ್ರವೆಂದರೆ, ಸ್ಥಿರಗೊಳಿಸಿದ ಆ ರೂಪವೇ ನಮಗೆ ಉಳಿಯದೆ, ಪ್ರತಿ ರಾತ್ರಿ ಅಳಿಯುತ್ತಿದ್ದ ರಂಗರೂಪ ಬಾಯಿಂದ ಬಾಯಿಗೆ ಉಳಿದುಬಂತು.

ಕಳ್ಳನೊಬ್ಬ ರಂಗದಿಂದ ತೆರೆಗೆ ಹೋಗುವಾಗ ಜಗಳವಾದ ಇನ್ನೊಂದು ಪ್ರಸಂಗವೂ ಜರ್ಮನಿಯದೇ. 1928ರಲ್ಲಿ ಬರ್ಲಿನ್ನಿನ ರಂಗವೇರಿದ ಬ್ರೆಕ್ಟ್ ಮತ್ತು ಕುರ್ಟ್ ವೈಲ್ ಅವರ ಮೂರು ಕಾಸಿನ ಸಂಗೀತನಾಟಕವನ್ನು ಪಾಬ್ಸ್ಟ್ 1931ರಲ್ಲಿ ಚಿತ್ರವಾಗಿಸಿದ. ತನ್ನ ಆಶಯ ಕೆಟ್ಟಿತೆಂದು ಬ್ರೆಕ್ಟ್ ನ್ಯಾಯಾಲಯಕ್ಕೆ ಹೋಗಿ ಸೋತ. ಸೋಲನ್ನೇ ಒಂದು ದೀರ್ಘ ಪ್ರಬಂಧವನ್ನಾಗಿ ಮಾಡಿ, ಕೃತಿ ಮಾರುಕಟ್ಟೆಯ ಸರಕಾದಾಗ ಕರ್ತೃವಿನ ಒಡೆತನವೆಂಬುದು ಎಷ್ಟು ಪೊಳ್ಳೆಂದು ತೋರಿಸಿದ. ಆ ನಾಟಕದ ಹಲವು ಹಾಡುಗಳು ತೆರೆಯಲ್ಲಿ ಬಿದ್ದುಹೋದವು. ಸದಾರಮೆಗಾಗಿ ಯಾರೂ ನ್ಯಾಯಾಲಯಕ್ಕೆ ಹೋಗಲಿಲ್ಲ, ಏಕೆಂದರೆ ಒಡೆತನದ ಪ್ರಶ್ನೆಯೇ ಹುಟ್ಟದಷ್ಟು ಮಂದಿ ಅವಳ ಒಡೆಯರಾಗಿದ್ದರು. ನಾಟಕದ ಮಾಲೀಕನೇ ನಟನೂ ಆಗಿ ತೆರೆಗೆ ನಡೆದಾಗ ಕೃತಿಗೂ ಸರಕಿಗೂ ನಡುವೆ ಬ್ರೆಕ್ಟ್ ಕಂಡ ಬಿರುಕು ಬೇರೆ ಆಕಾರ ತಾಳುತ್ತದೆ. ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಕಾಯಕದಲ್ಲಿ ಗಳಿಕೆಯೂ ಇದೆ ಎಂಬುದನ್ನು ಆ ಪದ ಮುಚ್ಚಿಡುವುದಿಲ್ಲ.

ಒಂದು ಆಕ್ಷೇಪಕ್ಕೆ ಉತ್ತರಿಸದೆ ಮುಂದೆ ಹೋಗಲಾರೆ. ಸದಾರಮೆಯ ಜಾಣತನವೆಲ್ಲ ಕೊನೆಗೆ ಪಾತಿವ್ರತ್ಯದ ಸೇವೆಗೇ ಸಲ್ಲುತ್ತದಲ್ಲ? ಅವಳು ಗಂಡುವೇಷ ತೊಡುವುದು ಶೀಲವನ್ನು ಉಳಿಸಿಕೊಳ್ಳಲು, ಕಳಚುವುದು ಗಂಡನ ಎದುರು. ಚಿತೆಯೇರಿದ ಸುಲೋಚನೆಗೂ ಇವಳಿಗೂ ಇರುವ ವ್ಯತ್ಯಾಸ ಮಾರ್ಗದ್ದು, ಗುರಿಯದ್ದಲ್ಲ. ಈ ಆಕ್ಷೇಪ ನಿಜ. ಸದಾರಮೆಯನ್ನು ಇಂದಿನ ಅರ್ಥದ ಸ್ತ್ರೀವಾದಿಯಾಗಿಸುವ ಹಂಬಲ ನನಗಿಲ್ಲ. ಹಾಗೆ ಮಾಡಿದ ಕೆಲವು ಪ್ರಬಂಧಗಳು ನಾಟಕದ ಕೊನೆಯ ದೃಶ್ಯವನ್ನು ಓದಿಯೇ ಇಲ್ಲವೆಂದು ತೋರುತ್ತದೆ. ಆದರೆ ಹಾಸ್ಯನಾಟಕವನ್ನು ಅದರ ಮುಕ್ತಾಯದಿಂದ ತೂಗುವುದು ತಕ್ಕಡಿಯ ತಪ್ಪು. ಮದುವೆಯಲ್ಲೋ ಪುನರ್ಮಿಲನದಲ್ಲೋ ಮುಗಿಯುವುದು ಆ ಪ್ರಕಾರದ ಕರಾರು. ಪ್ರೇಕ್ಷಕ ಮನೆಗೆ ಒಯ್ಯುವುದು ಮಂಗಳದ ಪದ್ಯವನ್ನಲ್ಲ, ಕಳ್ಳನನ್ನು ಅವಳು ಮಾತಿನಿಂದಲೇ ಕೆಡವಿದ ದೃಶ್ಯವನ್ನು. ಸುಲೋಚನೆಯ ಕಥೆಯಲ್ಲಿ ನಾಯಕಿಯ ಮಹತ್ತ್ವ ಸಾವಿಗೆ ಹತ್ತಿರವಾದಷ್ಟೂ ಏರುತ್ತದೆ. ಇಲ್ಲಿ ಬದುಕುಳಿಯುವ ಹಠದೊಂದಿಗೆ ಏರುತ್ತದೆ. ಗುರಿ ಒಂದೇ ಎಂದು ಒಪ್ಪಿದರೂ ದಾರಿಯಲ್ಲಿ ಎರಡು ಗಂಟೆ ಕುಳಿತು ನೋಡಿದವನಿಗೆ ದಾರಿಯೇ ಮುಖ್ಯವಾಗುತ್ತದೆ.

1956ರಲ್ಲಿ ಸದಾರಮೆ ಮತ್ತೆ ತೆರೆಗೆ ಬಂದಳು, ಕು. ರಾ. ಸೀತಾರಾಮ ಶಾಸ್ತ್ರಿಗಳ ನಿರ್ದೇಶನದಲ್ಲಿ. ತಮಿಳಿನಲ್ಲೂ ಅದೇ ವರ್ಷ ‘ಸದಾರಂ’ ಬಂತು, ಭಾನುಮತಿ ನಾಯಕಿಯಾಗಿ. ಆ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಈ ಕಾಕತಾಳೀಯಕ್ಕೆ ಹೆಚ್ಚು ಅರ್ಥ ಹಚ್ಚುವುದು ತರವಲ್ಲ, ಆದರೂ ಒಂದು ವ್ಯತ್ಯಾಸ ನನ್ನ ಕಣ್ಣಿಗೆ ಬೀಳುತ್ತದೆ. 1935ರ ಎರಡು ಸದಾರಮೆಯರು ಮದರಾಸು ಮತ್ತು ಮೈಸೂರಿನ ನಡುವೆ ಓಡಾಡುತ್ತಿದ್ದ ಒಂದೇ ರಂಗಲೋಕದ ಮಕ್ಕಳು. 1956ರವರು ಎರಡು ರಾಜ್ಯಗಳ ಮಾರುಕಟ್ಟೆಗೆ ಹುಟ್ಟಿದ ಸೋದರಿಯರು. ಗಡಿಯ ಈಚೆಗೆ ಉಳಿದ ನಮಗೆ ಕೇಶವಪಿಳ್ಳೆಯವರ ಸದಾರಾಮ ಮಲಯಾಳ ಸಾಹಿತ್ಯ ಚರಿತ್ರೆಯ ವಿಷಯವಾಗಿಯೂ, ಗುಬ್ಬಿಯ ಸದಾರಮೆ ಕನ್ನಡ ರಂಗಚರಿತ್ರೆಯ ವಿಷಯವಾಗಿಯೂ, ಒಂದೇ ಪಟ್ಟಣದ ಎರಡು ವಿಭಾಗಗಳ ಎರಡು ಪಠ್ಯಪುಸ್ತಕಗಳಲ್ಲಿ ಸಿಗುತ್ತಾರೆ. ಎರಡನ್ನೂ ಓದಬಲ್ಲ ವಿದ್ಯಾರ್ಥಿಗಳು ನಾಡಿನಲ್ಲಿ ಎಲ್ಲಾದರೂ ಇದ್ದರೆ ಇಲ್ಲಿದ್ದಾರೆ. ಅವರಿಗೆ ಒಂದನ್ನು ಕೊಟ್ಟು ಇನ್ನೊಂದನ್ನು ಮರೆಮಾಡುವ ಪಠ್ಯಕ್ರಮವನ್ನು ನಾವೂ ಒಪ್ಪಿಕೊಂಡಿದ್ದೇವೆ, ಅವರೂ ಒಪ್ಪಿಕೊಂಡಿದ್ದಾರೆ.

ನಾಟಕವಂತೂ ಯಾರ ಅನುಮತಿಯನ್ನೂ ಕೇಳದೆ ಮುಂದುವರಿದಿದೆ. ಕರಾವಳಿಯಿಂದ ಓಡಿಹೋಗಿ ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿದ್ದ ಬಿ. ವಿ. ಕಾರಂತರು ಹವ್ಯಾಸಿ ರಂಗಭೂಮಿಗೆ ಕಂಪನಿಯ ಸಂಗೀತದ ನೆನಪನ್ನು ಮರಳಿ ತಂದರು. ಆ ಬಳಿಕ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ತಾವು ಆರಿಸಿಕೊಂಡದ್ದು ನಾಯಕಿಯ ಪಾತ್ರವನ್ನಲ್ಲ, ಅಜ್ಜನ ಕಳ್ಳನನ್ನು. ಕೇಶವಪಿಳ್ಳೆಯವರ ಕಾಲದ ರಂಗದಲ್ಲಿ ಸದಾರಮೆಯೂ ಕಳ್ಳನೂ ಇಬ್ಬರೂ ಗಂಡಸರು. ಗುಬ್ಬಿ ಕಂಪನಿಯಲ್ಲಿ ಒಬ್ಬಳು ಹೆಂಗಸು, ಒಬ್ಬ ಗಂಡಸು. ಜಯಶ್ರೀಯವರಲ್ಲಿ ಇಬ್ಬರೂ ಹೆಂಗಸರು. ಗಂಡುಕಚ್ಚೆ ಹಾಕಿದ ಒಬ್ಬ ಹೆಂಗಸು ಹೊತ್ತುಕೊಂಡು ಬರುವ ಇನ್ನೊಬ್ಬ ಹೆಂಗಸು, ಇನ್ನು ಸ್ವಲ್ಪ ಹೊತ್ತಿನಲ್ಲಿ ತಾನೂ ಗಂಡಾಗಲಿದ್ದಾಳೆ. ಸಭೆಗೆ ಇದೆಲ್ಲ ಗೊತ್ತಿದೆ. ಕಳ್ಳ ಮಾತ್ರ ಎಂದಿನಂತೆ ಏನೂ ತಿಳಿಯದವನಂತೆ ಹಾಡುತ್ತಾ ನಡೆಯುತ್ತಾನೆ.